ವ್ಯಾಪಾರದ ಪ್ರಶ್ನೆ, ನೇರ ಉತ್ತರ: ಮೆಕ್ಸಿಕೊದವರು ಕರೆಯುತ್ತಿದ್ದಾರೆ, ಹೋಗೋದಾ?

ಈ ಸಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಮೆಕ್ಸಿಕೊ ಬಗ್ಗೆಯೇ ಇವೆ. ಹಾಗಾಗಿ ಜಿಎಸ್‌ಟಿ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಸರ್, ನಮ್ಮದು ಸಣ್ಣ ಯೂನಿಟ್. ಸಿಎನ್‌ಸಿ ಮಷೀನ್ ಇಟ್ಟುಕೊಂಡು ಗಾಡಿಗಳ ಬಿಡಿಭಾಗ ಮಾಡಿಕೊಡುತ್ತೇವೆ. ಈಚೆಗೆ ಬೆಂಗಳೂರಿನ ಒಂದು ಹೋಟೆಲಿನಲ್ಲಿ ಒಬ್ಬ ಕನ್ಸಲ್ಟೆಂಟ್ ಸಭೆ ಕರೆದು, ಮೆಕ್ಸಿಕೊದ ಬಹೀಯೊ ಅನ್ನೋ ಪ್ರದೇಶದಲ್ಲಿ ಬಂಡವಾಳ ಹಾಕಿ ಅಂದರು. ಜಾಗ ಸಿಗುತ್ತೆ, ಹುಡುಗರಿಗೆ ಟ್ರೇನಿಂಗ್ ಅವರೇ ಕೊಡ್ತಾರೆ, ಅಮೆರಿಕ ಪಕ್ಕದಲ್ಲೇ ಅಂತ ಸ್ಲೈಡ್ ತೋರಿಸಿದರು. ಊಟ ಚೆನ್ನಾಗಿತ್ತು. ನಂಬಬಹುದಾ? (ಅಂತರಸನಹಳ್ಳಿ, ತುಮಕೂರು)

ಉತ್ತರ: ಊಟದ ವಿಚಾರ ನಂಬಿದೆ. ಉಳಿದದ್ದನ್ನು ಬಿಡಿಸಿ ನೋಡೋಣ.

ಬಹೀಯೊ ಅಂದರೆ ಮೆಕ್ಸಿಕೊದ ನಡುಭಾಗದ ಎತ್ತರದ ಬಯಲು. ಗ್ವಾನಹ್ವಾತೊ, ಕೆರೇತರೊ, ಆಗ್ವಾಸ್‌ಕಾಲಿಯೆಂತೆಸ್ ಈ ರಾಜ್ಯಗಳು ಮುಖ್ಯ, ಸಾನ್ ಲೂಯಿಸ್ ಪೊಟೊಸಿಯನ್ನೂ ಈ ಲೆಕ್ಕಕ್ಕೆ ಸೇರಿಸುತ್ತಾರೆ. ಒಂದು ಕಾಲಕ್ಕೆ ಬರೀ ಬೆಳ್ಳಿ ಗಣಿ ಮತ್ತು ಹೊಲಗಳ ಸೀಮೆ. ಈಗ ಸಿಲಾವೊದಲ್ಲಿ ಜನರಲ್ ಮೋಟಾರ್ಸ್, ಸಾಲಮಾಂಕಾದಲ್ಲಿ ಮಜ್ದಾ, ಸೆಲಾಯಾದಲ್ಲಿ ಹೋಂಡಾ, ಆಗ್ವಾಸ್‌ಕಾಲಿಯೆಂತೆಸ್‌ನಲ್ಲಿ ನಿಸ್ಸಾನ್, ಸಾನ್ ಲೂಯಿಸ್ ಪೊಟೊಸಿಯಲ್ಲಿ 2019ರಿಂದ ಬಿಎಂಡಬ್ಲ್ಯು ಇವೆ. ಹಾಗಾಗಿ ಸುಳ್ಳು ಜಾಗ ಅಲ್ಲ. ಆದರೆ 'ಅಮೆರಿಕ ಪಕ್ಕದಲ್ಲೇ' ಅನ್ನೋದು ಸ್ವಲ್ಪ ಉಬ್ಬಿಸಿದ ಮಾತು. ಗಡಿ ಅಲ್ಲಿಂದ ನೂರಾರು ಕಿಲೋಮೀಟರ್ ಇದೆ, ಲಾರಿಗಳು ಉತ್ತರಕ್ಕೆ ಗಡಿಯ ಊರು ಲರೇಡೊ ದಾರಿ ಹಿಡಿಯುತ್ತವೆ, ಅಲ್ಲಿ ಕಸ್ಟಮ್ಸ್ ಸಾಲಿನಲ್ಲಿ ನಿಲ್ಲುತ್ತವೆ.

ಆ ಜಾಗಕ್ಕೆ ಬೆಲೆ ತಂದದ್ದು ಅಮೆರಿಕ, ಕೆನಡಾ, ಮೆಕ್ಸಿಕೊ ಸೇರಿ ಮಾಡಿಕೊಂಡ ವ್ಯಾಪಾರ ಒಪ್ಪಂದ. 1994ರ ನಾಫ್ಟಾ, ಅದರ ಜಾಗದಲ್ಲಿ 2020ರ ಜುಲೈ 1ರಿಂದ ಬಂದ ಯುಎಸ್‌ಎಂಸಿಎ. ಆ ಒಪ್ಪಂದದ ಸುಂಕ ವಿನಾಯಿತಿ ಕಾರಿಗೆ ಬೇಕು ಅಂದರೆ ಅದರ ಮೌಲ್ಯದಲ್ಲಿ ಶೇ 75 ಈ ಮೂರು ದೇಶದೊಳಗೇ ಆಗಿರಬೇಕು. ಅದರ ಜೊತೆಗೆ, ಕಾರಿನ ಮೌಲ್ಯದಲ್ಲಿ ಶೇ 40ರಷ್ಟು ಗಂಟೆಗೆ ಸರಾಸರಿ 16 ಡಾಲರ್ ಕೂಲಿ ಕೊಡುವ ಕಡೆ ತಯಾರಾಗಿರಬೇಕು ಅನ್ನೋ ಷರತ್ತೂ ಇದೆ. ಅಷ್ಟು ಕೂಲಿ ಮೆಕ್ಸಿಕೊದಲ್ಲಿ ಸಿಗುವುದಿಲ್ಲ, ಹಾಗಾಗಿ ಆ ಪಾಲು ಬಹುತೇಕ ಅಮೆರಿಕ ಮತ್ತು ಕೆನಡಾಕ್ಕೇ ಹೋಗುತ್ತೆ. ಈ ಸಾಲು ಸ್ಲೈಡಿನಲ್ಲಿ ಇತ್ತಾ? ಇರಲಿಕ್ಕಿಲ್ಲ. ಈ ಒಪ್ಪಂದವನ್ನು 2026ರಲ್ಲಿ ಮೂರೂ ದೇಶ ಕೂತು ಪರಿಶೀಲಿಸಬೇಕು ಅಂತ ಒಪ್ಪಂದದಲ್ಲೇ ಬರೆದಿದೆ. ಹತ್ತು ವರ್ಷದ ಸಾಲ ಮಾಡುವವರಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ.

ಇಲ್ಲಿಂದ ಮಾಲು ಕಳಿಸುವವರಿಗೆ ಇನ್ನೊಂದು ವಿಚಾರ. ಭಾರತಕ್ಕೂ ಮೆಕ್ಸಿಕೊಗೂ ಮುಕ್ತ ವ್ಯಾಪಾರ ಒಪ್ಪಂದ ಇಲ್ಲ. 2025ರ ಡಿಸೆಂಬರ್‌ನಲ್ಲಿ ಅಲ್ಲಿನ ಸಂಸತ್ತು ಒಪ್ಪಂದ ಇಲ್ಲದ ದೇಶಗಳ ಸಾವಿರಕ್ಕೂ ಹೆಚ್ಚು ಬಗೆಯ ಸರಕಿನ ಮೇಲೆ ಸುಂಕ ಏರಿಸಿತು. ಭಾರತ, ಚೀನಾ ಎರಡೂ ಅದರಲ್ಲಿವೆ, ಗಾಡಿಗಳ ಬಿಡಿಭಾಗವೂ ಇದೆ. 2026ರ ಜನವರಿಯಿಂದ ಜಾರಿ. ಹಾಗಾದರೆ ಅಲ್ಲೇ ಹೋಗಿ ಮಾಡೋಣ ಅನ್ನಿಸುತ್ತೆ, ಅಲ್ವಾ? ಕನ್ಸಲ್ಟೆಂಟ್ ಕೂಡ ಅದನ್ನೇ ನಂಬಿಕೊಂಡು ಸಭೆ ಕರೆದಿರುವುದು.

ಹೋಗುವ ದಾರಿ ಇದೆ. 'ಇಮ್ಮೆಕ್ಸ್' ಅಂತ 2006ರಿಂದ ಒಂದು ಯೋಜನೆ ಇದೆ. ರಫ್ತಿಗಾಗಿ ಮಾಡುವ ಸರಕಿಗೆ ಬೇಕಾದ ಕಚ್ಚಾ ಮಾಲು, ಮಷೀನನ್ನು ತಾತ್ಕಾಲಿಕವಾಗಿ ಒಳತರಲು ಅನುಕೂಲ ಕೊಡುತ್ತಾರೆ. 1965ರಲ್ಲಿ ಗಡಿಯ ಊರುಗಳಲ್ಲಿ ಶುರುವಾದ, ಹೊರಗಿನ ಮಾಲು ತಂದು ಜೋಡಿಸಿ ರಫ್ತು ಮಾಡುವ 'ಮಾಕಿಲಾಡೋರಾ' ಕಾರ್ಖಾನೆಗಳ ಮುಂದಿನ ರೂಪ ಇದು. ಅಲ್ಲಿನ ವ್ಯಾಟ್ ಶೇ 16. ಅದನ್ನು ಮುಂಚೆ ಕಟ್ಟದೆ ತಪ್ಪಿಸಿಕೊಳ್ಳಲು ಬೇರೆ ಸರ್ಟಿಫಿಕೇಟ್ ಬೇಕು, ಅದು ಸಿಗುವವರೆಗೆ ದುಡ್ಡು ಸಿಕ್ಕಿಕೊಳ್ಳುತ್ತೆ. ಕಂಪನಿ ತೆರಿಗೆ ಶೇ 30. ಲಾಭದಲ್ಲಿ ಶೇ 10 ಕಾರ್ಮಿಕರಿಗೆ ಹಂಚಬೇಕು, ಅದು ಕಾನೂನು.

ಸಣ್ಣವರಿಗೆ 'ಶೆಲ್ಟರ್' ಕಂಪನಿಗಳು ಇವೆ. ಲೈಸೆನ್ಸ್, ಸಂಬಳದ ಲೆಕ್ಕ, ಕಸ್ಟಮ್ಸ್ ಎಲ್ಲ ಅವರ ಹೆಸರಿನಲ್ಲಿ. ಮಷೀನು, ಮಾಲು, ಉತ್ಪಾದನೆ ನೋಡಿಕೊಳ್ಳುವ ಮನುಷ್ಯ ನಿಮ್ಮದು. ತಿಂಗಳಿಗಿಷ್ಟು ಅಂತ ಶುಲ್ಕ ತೆಗೆದುಕೊಳ್ಳುತ್ತಾರೆ. ಹೊಸಬರಿಗೆ ಇದೇ ವಾಸಿ.

ಆದರೆ ನನ್ನ ಮಾತು ಕೇಳುವುದಾದರೆ, ಮೊದಲು ಗಿರಾಕಿ. ಅಲ್ಲಿರುವ ಯಾವುದಾದರೂ ಕಂಪನಿ 'ನೀವು ಇಲ್ಲಿಗೆ ಬಂದರೆ ಇಷ್ಟು ವರ್ಷ, ಇಷ್ಟು ಪೀಸ್ ತೆಗೆದುಕೊಳ್ಳುತ್ತೇವೆ' ಅಂತ ಬರೆದುಕೊಟ್ಟರೆ ಮಾತ್ರ ಮುಂದಿನ ಹೆಜ್ಜೆ. ಅಲ್ಲಿ ಊರಿರುವ ನಮ್ಮ ದೇಶದ ಬಿಡಿಭಾಗ ಕಂಪನಿ ಮದರ್‌ಸನ್ ಥರದವರು ಹೋದದ್ದು ತಮ್ಮ ಗಿರಾಕಿಗಳ ಬೆನ್ನಿಗೆ. ಜೆಕೆ ಟೈರ್ 2008ರಲ್ಲಿ ಅಲ್ಲಿನ ಟೊರ್ನೆಲ್ ಕಂಪನಿಯನ್ನೇ ಕೊಂಡುಕೊಂಡಿತು, ಖಾಲಿ ಜಾಗಕ್ಕೆ ಹೋಗಿ ಕೂರಲಿಲ್ಲ. ಸಂಬಂಧ ನೋಡಲು ಹೋದಾಗ ಮನೆಯವರನ್ನು ಬಿಟ್ಟು ಪಕ್ಕದ ಮನೆಯವರನ್ನು ಕೇಳುತ್ತೇವಲ್ಲ, ಹಾಗೆ ಆ ಇಂಡಸ್ಟ್ರಿಯಲ್ ಪಾರ್ಕಿನಲ್ಲಿ ಈಗಾಗಲೇ ಇರುವ ಸಣ್ಣ ಯೂನಿಟ್ಟಿನವರ ನಂಬರ್ ಕೇಳಿ. ಕನ್ಸಲ್ಟೆಂಟ್ ಕೊಡದಿದ್ದರೆ ಅದೇ ಉತ್ತರ.

ಪ್ರಶ್ನೆ: ನಮ್ಮಲ್ಲೂ ಜಪಾನಿ ಟೌನ್‌ಶಿಪ್ ಅಂತ ವರ್ಷಗಟ್ಟಲೆ ಕೇಳುತ್ತಿದ್ದೇವೆ. ಮೆಕ್ಸಿಕೊದವರು ಅಷ್ಟೊಂದು ಜಪಾನಿಯರನ್ನು ಹೇಗೆ ಕರೆಸಿಕೊಂಡರು? ಪ್ರಚಾರ ಚೆನ್ನಾಗಿ ಮಾಡಿದರಾ? (ವಸಂತನರಸಾಪುರ)

ಉತ್ತರ: ಪ್ರಚಾರವೂ ಮಾಡಿದರು. ದೇಶದ ಮಟ್ಟದಲ್ಲಿ 'ಪ್ರೊಮೆಕ್ಸಿಕೊ' ಅಂತ ಒಂದು ಸಂಸ್ಥೆ 2007ರಲ್ಲಿ ಹುಟ್ಟಿತು, ಹೊರದೇಶಗಳಲ್ಲಿ ಆಫೀಸು ತೆರೆಯಿತು. ಲೋಪೆಸ್ ಒಬ್ರದೋರ್ ಅಧ್ಯಕ್ಷರಾದ ಮೇಲೆ ದುಂದುವೆಚ್ಚ ಅಂತ ಅದನ್ನು ಮುಚ್ಚಿಸಿದರು. ಮುಚ್ಚಿದ ಮೇಲೂ ಕಂಪನಿಗಳು ಬರುವುದು ನಿಲ್ಲಲಿಲ್ಲ, 2023ರಲ್ಲಿ ಅಮೆರಿಕಕ್ಕೆ ಸರಕು ಕಳಿಸುವುದರಲ್ಲಿ ಮೆಕ್ಸಿಕೊ ಚೀನಾವನ್ನೇ ಹಿಂದೆ ಹಾಕಿತು. ಇದನ್ನು ನೋಡಿದರೆ ಸ್ಲೈಡಿಗೆ ಎಷ್ಟು ಬೆಲೆ ಅಂತ ಗೊತ್ತಾಗುತ್ತೆ.

ಗ್ವಾನಹ್ವಾತೊ ರಾಜ್ಯ ಮಾಡಿದ ಜಾಣತನ ಬೇರೆ. ಸಿಲಾವೊ ವಿಮಾನ ನಿಲ್ದಾಣದ ಪಕ್ಕದಲ್ಲೇ 'ಒಳನಾಡ ಬಂದರು' ಕಟ್ಟಿದರು. ಸಮುದ್ರ ಇಲ್ಲ, ಆದರೆ ಕಸ್ಟಮ್ಸ್ ಇದೆ, ರೈಲು ಹಳಿ ಇದೆ, ಕಾರ್ಖಾನೆ ಜಾಗ ಇದೆ, ಕಾಲೇಜೂ ಇದೆ. ಕಂಟೇನರ್ ಅಲ್ಲೇ ಕ್ಲಿಯರ್ ಆಗುತ್ತೆ. ಮಜ್ದಾ ಮತ್ತು ಹೋಂಡಾ 2014ರಲ್ಲಿ ಅದೇ ರಾಜ್ಯದಲ್ಲಿ ಕಾರು ಮಾಡಲು ಶುರು ಮಾಡಿದವು. ಮಜ್ದಾ ಊರು ಹಿರೋಶಿಮಾ, ಹಾಗಾಗಿ ಗ್ವಾನಹ್ವಾತೊ ರಾಜ್ಯದವರು ಹಿರೋಶಿಮಾ ಪ್ರಾಂತ್ಯದ ಜೊತೆಗೇ ಸೋದರ ಸಂಬಂಧದ ಒಪ್ಪಂದ ಮಾಡಿಕೊಂಡರು. ಜನ ಜಾಸ್ತಿ ಆದ ಮೇಲೆ ಜಪಾನ್ ಸರ್ಕಾರವೇ 2016ರಲ್ಲಿ ಲೆಯೋನ್ ನಗರದಲ್ಲಿ ಕಾನ್ಸುಲೇಟ್ ತೆರೆಯಿತು. ಕಾರು ಕಂಪನಿ ಬಂದರೆ ಸೀಟು ಮಾಡುವವರು, ವೈರಿಂಗ್ ಮಾಡುವವರು ಹಿಂದೆಯೇ ಬರುತ್ತಾರೆ. ಅವರ ಮಕ್ಕಳಿಗೆ ಶಾಲೆ, ಅವರಿಗೆ ಊಟ, ಪಾಸ್‌ಪೋರ್ಟ್ ಕೆಲಸಕ್ಕೆ ಆಫೀಸು ಇದ್ದರೆ ಮಾತ್ರ ನಿಲ್ಲುತ್ತಾರೆ. ಟೌನ್‌ಶಿಪ್ ಬೋರ್ಡಿಗಿಂತ ಇದು ಮುಖ್ಯ.

ಕೆರೇತರೊ ಕಥೆ ನಮ್ಮ ತುಮಕೂರಿಗೆ ಇನ್ನೂ ಹತ್ತಿರ. ಕೆನಡಾದ ವಿಮಾನ ಕಂಪನಿ ಬೊಂಬಾರ್ಡಿಯರ್ 2006ರಲ್ಲಿ ಅಲ್ಲಿ ಕೆಲಸ ಶುರು ಮಾಡಿತು. ಮರುವರ್ಷ, ಅಂದರೆ 2007ರಲ್ಲಿ, ವಿಮಾನ ನಿಲ್ದಾಣದ ಪಕ್ಕದಲ್ಲೇ ವಿಮಾನ ತಂತ್ರಜ್ಞಾನಕ್ಕೆ ಅಂತಲೇ ಒಂದು ವಿಶ್ವವಿದ್ಯಾಲಯ ಬಂತು. ರಿವೆಟ್ ಹೊಡೆಯುವುದರಿಂದ ಹಿಡಿದು ಎಂಜಿನಿಯರಿಂಗ್‌ವರೆಗೆ ಅಲ್ಲೇ ಕಲಿಸುತ್ತಾರೆ. ನಮ್ಮ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು. ನಮ್ಮ ಐಟಿಐ ಹುಡುಗರಿಗೆ ಅದಕ್ಕೆ ಬೇಕಾದ ಕೆಲಸ ಎಲ್ಲಿ ಕಲಿಸುತ್ತಾರೆ ಅಂತ ನಿಮ್ಮ ಶಾಸಕರು ಎದುರಿಗೆ ಸಿಕ್ಕಾಗ ಕೇಳಿ, ಸುಮ್ನೆ.

ಪ್ರಶ್ನೆ: ನನ್ನ ಮಗ ಕಂಪನಿ ಕೆಲಸಕ್ಕೆ ಮೆಕ್ಸಿಕೊಗೆ ಎರಡು ವರ್ಷ ಹೋಗಬೇಕಂತೆ. ಟೀವಿಯಲ್ಲಿ ಬರೀ ಗುಂಡಿನ ಸುದ್ದಿ. ಕಳಿಸೋದಾ ಬೇಡವಾ? (ಮಾಲೂರು)

ಉತ್ತರ: ಅಮ್ಮ, ಯಾವ ಊರು ಅಂತ ಮೊದಲು ಕೇಳಿ. ಆ ದೇಶದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬಹಳ ವ್ಯತ್ಯಾಸ. ಕಾರ್ಖಾನೆ ತುಂಬಿರುವ ಗ್ವಾನಹ್ವಾತೊವೇ ಈಚಿನ ಎಷ್ಟೋ ವರ್ಷ ಅತಿ ಹೆಚ್ಚು ಕೊಲೆಗಳಾದ ರಾಜ್ಯ ಅನ್ನಿಸಿಕೊಂಡಿದೆ. ಸಾಲಮಾಂಕಾದಲ್ಲಿ ಎಣ್ಣೆ ಶುದ್ಧೀಕರಣ ಘಟಕ ಇದೆ, ಅದರ ಪೈಪ್‌ಲೈನಿಗೆ ಕನ್ನ ಹಾಕಿ ಪೆಟ್ರೋಲ್ ಕದಿಯುವ ಗುಂಪುಗಳು ಬೆಳೆದು, ಆಮೇಲೆ ಬೇರೆ ಗುಂಪು ಬಂದು ಜಗಳಕ್ಕೆ ನಿಂತವು. ಬಂಡವಾಳ ಕರೆಯುವ ಬ್ರೋಷರ್‌ಗಳಲ್ಲಿ ಇದು ಎಲ್ಲೂ ಬರುವುದಿಲ್ಲ. ಕೆರೇತರೊ, ಆಗ್ವಾಸ್‌ಕಾಲಿಯೆಂತೆಸ್ ಅದಕ್ಕಿಂತ ಎಷ್ಟೋ ಶಾಂತ. ಕಂಪನಿ ಮನೆ ಕೊಡುತ್ತಾ, ಕಂಪನಿ ಬಸ್ ಇದೆಯಾ, ರಾತ್ರಿ ಪಾಳಿಗೆ ಯಾರು ಕರೆದುಕೊಂಡು ಹೋಗುತ್ತಾರೆ, ಈ ಮೂರನ್ನೂ ಮಗ ಬರವಣಿಗೆಯಲ್ಲಿ ಕೇಳಲಿ. ಕೆಲಸಕ್ಕೆ ಹೋಗುವವರಿಗೆ ವಾಸದ ವೀಸಾ ಬೇಕು. ಅಮೆರಿಕದ ವೀಸಾ ಇದ್ದರೆ ಸಾಕು ಅನ್ನೋದು ಭೇಟಿಗೆ ಹೋಗುವವರಿಗೆ ಮಾತ್ರ. ನೀವು ಸಸ್ಯಾಹಾರಿಗಳಾದರೆ ಒಂದು ಎಚ್ಚರಿಕೆ, ಅಲ್ಲಿ ಅರೆದ ಕಾಳಿನ ಪಲ್ಯಕ್ಕೆ ಹಂದಿ ಕೊಬ್ಬು ಹಾಕುವುದು ಸಾಮಾನ್ಯ. ಮೆಕ್ಕೆಜೋಳದ ರೊಟ್ಟಿ, ಮೆಣಸಿನಕಾಯಿ, ಅವಕಾಡೊ ಧಾರಾಳ ಸಿಗುತ್ತೆ, ಬದುಕಿಕೊಳ್ಳುತ್ತಾನೆ.

ಪ್ರಶ್ನೆ: ಅಲ್ಲಿ ಕೂಲಿ ಕಡಿಮೆ, ಯೂನಿಯನ್ ಕಾಟ ಇಲ್ಲ, ಅದಕ್ಕೇ ಹೋಗುತ್ತಾರೆ ಅಂತ ನಮ್ಮ ಮ್ಯಾನೇಜರ್ ಹೇಳುತ್ತಾರೆ. ನಿಜವಾ? (ನರಸಾಪುರ, ಕೋಲಾರ)

ಉತ್ತರ: ಹಳೇ ಮಾತು. 2019ರಲ್ಲಿ ಅಮೆರಿಕ ಗಡಿಯ ಪಟ್ಟಿಯಲ್ಲಿ ಕನಿಷ್ಠ ಕೂಲಿಯನ್ನು ಒಂದೇ ಸಲಕ್ಕೆ ದುಪ್ಪಟ್ಟು ಮಾಡಿದರು. ದೇಶದ ಉಳಿದ ಕಡೆಯೂ ಆಗಿನಿಂದ ವರ್ಷ ವರ್ಷ ಶೇ 10ಕ್ಕಿಂತ ಜಾಸ್ತಿಯೇ ಏರಿದೆ. 2023ರಿಂದ ಮೊದಲ ವರ್ಷದ ಸಂಬಳ ಸಹಿತ ರಜೆ 6 ದಿನದಿಂದ 12 ದಿನ ಆಯಿತು. ಡಿಸೆಂಬರ್ 20ರೊಳಗೆ ಕನಿಷ್ಠ 15 ದಿನದ ಸಂಬಳ ಬೋನಸ್ ಕೊಡಲೇಬೇಕು.

ಯೂನಿಯನ್ ವಿಚಾರದಲ್ಲಿ ಸಿಲಾವೊ ಜನರಲ್ ಮೋಟಾರ್ಸ್ ಕಾರ್ಖಾನೆಯ ಕಥೆ ನಿಮ್ಮ ಮ್ಯಾನೇಜರ್‌ಗೆ ಹೇಳಿ. ಅಲ್ಲಿ ಹಳೇ ಯೂನಿಯನ್ ಇತ್ತು, ಅದು ಕಂಪನಿ ಪರ ಅಂತ ಕಾರ್ಮಿಕರಿಗೆ ಸಿಟ್ಟು. 2021ರ ಆಗಸ್ಟ್‌ನಲ್ಲಿ ಮತ ಹಾಕಿ ಹಳೇ ಒಪ್ಪಂದವನ್ನು ತಿರಸ್ಕರಿಸಿದರು. 2022ರ ಫೆಬ್ರವರಿಯಲ್ಲಿ ಸಿಂಟಿಯಾ ಅನ್ನುವ ಹೊಸ ಸ್ವತಂತ್ರ ಯೂನಿಯನ್ ಗೆದ್ದಿತು. ಅದಕ್ಕೆ ದಾರಿ ಮಾಡಿಕೊಟ್ಟಿದ್ದು ಅದೇ ಯುಎಸ್‌ಎಂಸಿಎ ಒಪ್ಪಂದ, ಅದರಲ್ಲಿ ಕಾರ್ಮಿಕರ ಹಕ್ಕು ಮುರಿದರೆ ಅಮೆರಿಕ ನೇರವಾಗಿ ದೂರು ಎತ್ತಬಹುದು. ನರಸಾಪುರದ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್‌ನಲ್ಲಿ ಸಂಬಳದ ವಿಚಾರಕ್ಕೆ ನಡೆದ ದಾಂಧಲೆಯನ್ನು ನೀವು ಕಣ್ಣಾರೆ ನೋಡಿದವರು. ಸಂಬಳ ಸರಿಯಾಗಿ ಕೊಡದ ಜಾಗಕ್ಕೆ ಯಾವ ಪ್ರಚಾರವೂ ಬಹಳ ದಿನ ಕಾಪಾಡುವುದಿಲ್ಲ.

ಪ್ರಶ್ನೆ: ನಮ್ಮ ಹಿಪ್ಪುನೇರಳೆ ತೋಟ ಕೈಗಾರಿಕೆಗೆ ಹೋಗುತ್ತೆ ಅಂತ ಭಯ. ಅಲ್ಲಿ ರೈತರ ಜಮೀನು ಹೇಗೆ ತೆಗೆದುಕೊಳ್ಳುತ್ತಾರೆ? (ಶಿಡ್ಲಘಟ್ಟ ತಾಲ್ಲೂಕು)

ಉತ್ತರ: ಅಲ್ಲಿ 'ಎಹೀದೊ' ಅಂತ ಇದೆ. 1910ರ ಕ್ರಾಂತಿ ಆದ ಮೇಲೆ, 1917ರ ಸಂವಿಧಾನದ 27ನೇ ವಿಧಿಯ ಪ್ರಕಾರ ಹಳ್ಳಿಯವರಿಗೆ ಸಾಮೂಹಿಕವಾಗಿ ಕೊಟ್ಟ ಜಮೀನು. ದೇಶದ ಅರ್ಧದಷ್ಟು ನೆಲ ಹೀಗೆ ಊರಿನ ಅಥವಾ ಸಮುದಾಯದ ಹೆಸರಿನಲ್ಲಿದೆ. ಮೊದಲು ಮಾರುವ ಹಾಗೇ ಇರಲಿಲ್ಲ. 1992ರಲ್ಲಿ ಸಂವಿಧಾನ ತಿದ್ದಿ, ಊರ ಸಭೆ ಒಪ್ಪಿದರೆ ಖಾಸಗಿ ಮಾಡಿಕೊಳ್ಳಬಹುದು ಅಂದರು. ಹಾಗಾಗಿ ಒಬ್ಬ ರೈತನ ಸಹಿ ಹಾಕಿಸಿಕೊಂಡು ಓಡಲಾಗುವುದಿಲ್ಲ, ಸಭೆ ಸೇರಬೇಕು, ರಿಜಿಸ್ಟ್ರಿ ಆಗಬೇಕು. ಸರಿಯಾಗಿ ಆಗದ ಜಮೀನಿನ ಮೇಲೆ ಕಾರ್ಖಾನೆ ಕಟ್ಟಿ ಕೋರ್ಟು ಅಲೆದವರು ಇದ್ದಾರೆ. ಬಂಡವಾಳ ಹಾಕುವವರಿಗೆ ವಕೀಲರು ಹೇಳುವ ಮೊದಲ ಮಾತೇ ಜಾಗ ಎಹೀದೊನಾ ನೋಡಿ ಅನ್ನೋದು. ಗ್ರಾಮಸಭೆಯ ಮಾತಿಗೆ ಇಷ್ಟು ತೂಕ ಇದ್ದರೆ ಚೆನ್ನ ಅಂತ ನಿಮಗೂ ಅನ್ನಿಸಬಹುದು, ನನಗಂತೂ ಅನ್ನಿಸಿತು.

ಪ್ರಶ್ನೆ: ಸಾವಿರ ಅಡಿ ಕೊರೆದರೂ ನೀರಿಲ್ಲದ ಊರು ನಮ್ಮದು. ಮೆಕ್ಸಿಕೊದಲ್ಲಿ ಕಾರ್ಖಾನೆಗಳಿಗೆ ನೀರು ಎಲ್ಲಿಂದ? (ಗೌರಿಬಿದನೂರು)

ಉತ್ತರ: ಅಲ್ಲೂ ಅದೇ ಗೋಳು. ಉತ್ತರದ ಮೊಂತೆರ್ರೆಯ್ ದೊಡ್ಡ ಕೈಗಾರಿಕಾ ನಗರ. 2022ರಲ್ಲಿ ಅದರ ಜಲಾಶಯ ಬತ್ತಿ ಜನರ ನಲ್ಲಿಗೆ ದಿನಕ್ಕೆ ಕೆಲವೇ ಗಂಟೆ ನೀರು ಬಿಟ್ಟರು. ಆ ನಗರದ ಪಕ್ಕದಲ್ಲೇ 2023ರ ಮಾರ್ಚ್‌ನಲ್ಲಿ ಟೆಸ್ಲಾ ಕಾರ್ಖಾನೆ ಘೋಷಣೆ ಆಯಿತು. 2024ರ ಜುಲೈನಲ್ಲಿ ಅಮೆರಿಕದ ಚುನಾವಣೆವರೆಗೆ ತಡೆ ಅಂದರು, ಕಾರಣ ನೀರಲ್ಲ, ಟ್ರಂಪ್ ಸುಂಕದ ಮಾತು. ಮೆಹಿಕಾಲಿ ಅನ್ನುವ ಗಡಿ ಊರಿನಲ್ಲಿ ಅಮೆರಿಕದ ಒಂದು ಬಿಯರ್ ಕಂಪನಿ ಕೋಟ್ಯಂತರ ಡಾಲರ್ ಸುರಿದು ಕಾರ್ಖಾನೆ ಕಟ್ಟುತ್ತಿತ್ತು. ರೈತರು ನೀರಿಗಾಗಿ ಎದ್ದುನಿಂತರು. 2020ರ ಮಾರ್ಚ್‌ನಲ್ಲಿ ಜನರ ಅಭಿಪ್ರಾಯ ಕೇಳಿದಾಗ ನಾಲ್ಕರಲ್ಲಿ ಮೂರು ಪಾಲು ಬೇಡ ಅಂದರು, ಸರ್ಕಾರ ಪರ್ಮಿಟ್ ನಿಲ್ಲಿಸಿತು. ಹೂಡಿಕೆದಾರರು ಇದನ್ನು ಇವತ್ತಿಗೂ ಕೆಟ್ಟ ಉದಾಹರಣೆ ಅಂತ ಹೇಳುತ್ತಾರೆ. ನಾನು ಒಪ್ಪಲ್ಲ. ನೀರು ಎಷ್ಟಿದೆ ಅಂತ ಮೊದಲೇ ಲೆಕ್ಕ ಹಾಕದೆ ಕರೆದವರದ್ದು ತಪ್ಪು.

ಪ್ರಶ್ನೆ: ಟೊಮೆಟೊ ಅಲ್ಲಿಂದಲೇ ಬಂದಿದ್ದಂತೆ. ಅಲ್ಲಿ ಟೊಮೆಟೊಗೆ ಬಂಡವಾಳ ಹಾಕಿದರೆ ಲಾಭವಾ? (ಶ್ರೀನಿವಾಸಪುರ)

ಉತ್ತರ: ನೀವು ಕೋಲಾರ ಎಪಿಎಂಸಿ ನೋಡಿದವರು, ನಿಮಗೆ ಯಾರು ಹೇಳಿಕೊಡಬೇಕು! ಸಿನಲೋವಾ ಅನ್ನೋ ರಾಜ್ಯ ಅಲ್ಲಿನ ಟೊಮೆಟೊ ಸೀಮೆ. ಚಳಿಗಾಲ ಪೂರ್ತಿ ಅಮೆರಿಕಕ್ಕೆ ಕಳಿಸುತ್ತಾರೆ. 1996ರಿಂದ ಸುಂಕದ ಬದಲು ಕನಿಷ್ಠ ಬೆಲೆಯ ಒಪ್ಪಂದದಲ್ಲಿ ನಡೆಯುತ್ತಿತ್ತು. 2025ರ ಜುಲೈನಲ್ಲಿ ಅಮೆರಿಕ ಅದರಿಂದ ಹೊರಬಂದು ಹತ್ತಿರ ಹತ್ತಿರ ಶೇ 17 ಸುಂಕ ಹಾಕಿತು. ಸದ್ಯಕ್ಕೆ ನಿಮ್ಮ ದುಡ್ಡನ್ನು ಡ್ರಿಪ್ ಪೈಪಿಗೆ ಹಾಕಿ.