ತಾಯಿಗಿರುವ ರುಮಟಾಯ್ಡ್ ಸಂಧಿವಾತ ಮಕ್ಕಳಿಗೂ ಬರುತ್ತದೆಯೇ?

ತಾಯಿಗೆ ರುಮಟಾಯ್ಡ್ ಸಂಧಿವಾತ ಇರುವುದರಿಂದ ಅದರ ಜೀನ್ ದೋಷ ನಿಮಗೂ ಬಂದಿರಬಹುದೇ, ಜೀನ್ ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿದ್ದೀರಿ. ರೋಗನಿರೋಧಕ ವ್ಯವಸ್ಥೆಯು ದೇಹದ ಸ್ವಂತ ಕೀಲುಗಳ ಮೇಲೆಯೇ ದಾಳಿ ಮಾಡುವ ಈ ಕಾಯಿಲೆ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾದಂತೆ ಒಂದೇ ಜೀನ್ ಕೆಟ್ಟು ಬರುವಂಥದ್ದಲ್ಲ. ಜನರಲ್ಲಿ ಸಾಮಾನ್ಯವಾಗಿಯೇ ಇರುವ, ಒಂದೊಂದೂ ಅಪಾಯವನ್ನು ಅಷ್ಟಿಷ್ಟು ಹೆಚ್ಚಿಸುವ ನೂರಕ್ಕೂ ಹೆಚ್ಚು ಜೀನ್ ವ್ಯತ್ಯಾಸಗಳು ಇದರೊಂದಿಗೆ ತಳಕು ಹಾಕಿಕೊಂಡಿವೆ.

ಅವುಗಳಲ್ಲಿ ಎದ್ದು ಕಾಣುವುದು 6ನೇ ವರ್ಣತಂತುವಿನಲ್ಲಿರುವ ಎಚ್‌ಎಲ್‌ಎ-ಡಿಆರ್‌ಬಿ1 ಎಂಬ ಜೀನ್. ಪ್ರೋಟೀನ್ ತುಣುಕುಗಳನ್ನು ರೋಗನಿರೋಧಕ ಕೋಶಗಳಿಗೆ ಎತ್ತಿ ತೋರಿಸುವ ಅಣುವನ್ನು ರೂಪಿಸುವ ಈ ಜೀನಿನ ಕೆಲವು ರೂಪಗಳಲ್ಲಿ 70ರಿಂದ 74ರವರೆಗಿನ ಸ್ಥಾನಗಳ ಅಮೈನೊ ಆಮ್ಲಗಳ ಸರಣಿ ಬಹುಮಟ್ಟಿಗೆ ಒಂದೇ ಬಗೆಯದಾಗಿದ್ದು, ಅಂಥ ಅಣುವು ಆರ್ಜಿನಿನ್ ಎಂಬ ಅಮೈನೊ ಆಮ್ಲ ಸಿಟ್ರುಲಿನ್ ಆಗಿ ಬದಲಾದ ದೇಹದ ಸ್ವಂತ ಪ್ರೋಟೀನುಗಳನ್ನು ಸುಲಭವಾಗಿ ಹಿಡಿದು ಪರಕೀಯವೆಂಬಂತೆ ಮುಂದಿಡುತ್ತದೆ. ಹೀಗೆ ಬದಲಾದ ಪ್ರೋಟೀನುಗಳ ವಿರುದ್ಧ ದೇಹ ತಯಾರಿಸುವ ಆಂಟಿ-ಸಿಸಿಪಿ ಪ್ರತಿಕಾಯಗಳು ರಕ್ತದಲ್ಲಿ ಇರುವವರಲ್ಲಿಯೇ ಈ ನಂಟು ಗಾಢವಾಗಿ ಕಾಣುತ್ತದೆ. ಧೂಮಪಾನವು ಶ್ವಾಸಕೋಶದಲ್ಲಿ ಪ್ರೋಟೀನುಗಳ ಇದೇ ಸಿಟ್ರುಲಿನ್ ಬದಲಾವಣೆಯನ್ನು ಹೆಚ್ಚಿಸುವುದರಿಂದ, ಈ ಜೀನ್ ರೂಪ ಉಳ್ಳವರು ಸಿಗರೇಟು ಸೇದಿದರೆ ಒಟ್ಟು ಅಪಾಯವು ಎರಡರ ಮೊತ್ತವನ್ನೂ ಮೀರುತ್ತದೆ. ಪಿಟಿಪಿಎನ್22 ಎಂಬ ಜೀನಿನ ಪಾತ್ರವೂ ಇದೆ, ಆದರೆ ಅದು ಚಿಕ್ಕದು.

ಇಷ್ಟಾದರೂ ಜೀನುಗಳೆಲ್ಲ ಒಂದೇ ಆಗಿರುವ ಸಮರೂಪಿ ಅವಳಿಗಳಲ್ಲಿ ಒಬ್ಬರಿಗೆ ಈ ರೋಗವಿದ್ದಾಗ ಇನ್ನೊಬ್ಬರಿಗೂ ಬರುವುದು ಸುಮಾರು ಶೇಕಡ 15ರಷ್ಟು ಜೋಡಿಗಳಲ್ಲಿ ಮಾತ್ರ. ಆದ್ದರಿಂದ ಯಾವ ಲಕ್ಷಣವೂ ಇಲ್ಲದ ನಿಮಗೆ ಜೀನ್ ಪರೀಕ್ಷೆಯಿಂದ ಹೆಚ್ಚಿನ ಉಪಯೋಗವಿಲ್ಲವೆಂದೇ ನನ್ನ ಅಭಿಪ್ರಾಯ. ಬೆಳಿಗ್ಗೆ ಎದ್ದಾಗ ಬೆರಳುಗಳ ಕೀಲುಗಳು ಅರ್ಧ ಗಂಟೆಗೂ ಮೀರಿ ಬಿಗಿದುಕೊಂಡು ಊತವೂ ಕಂಡರೆ ತಡಮಾಡದೆ ಸಂಧಿವಾತ ತಜ್ಞರನ್ನು ಕಾಣಿರಿ. ಆಗ ಬೇಕಾಗುವುದು ಆಂಟಿ-ಸಿಸಿಪಿ ಮತ್ತು ರುಮಟಾಯ್ಡ್ ಫ್ಯಾಕ್ಟರ್ (ಈ ರೋಗದಲ್ಲಿ ಕಾಣುವ ಇನ್ನೊಂದು ಪ್ರತಿಕಾಯ) ರಕ್ತಪರೀಕ್ಷೆಗಳು.