ಒಂಟಿ ಒಲೆಯ ವಾರದ ಲೆಕ್ಕ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವನು. ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ ಮಾಡುತ್ತ ಒಂದು ಕೋಣೆಯ ಮನೆಯಲ್ಲಿ ಒಬ್ಬನೇ ಇದ್ದೇನೆ. ಒಂದು ಇಂಡಕ್ಷನ್ ಒಲೆ, 3 ಲೀಟರಿನ ಕುಕ್ಕರ್, ಒಂದು ಬಾಣಲೆ, ಚಿಕ್ಕದೊಂದು ಫ್ರಿಜ್, ಇಷ್ಟೇ ನನ್ನ ಅಡುಗೆಮನೆ. ಖರ್ಚು ಉಳಿಯಲೆಂದು ಭಾನುವಾರ ದೊಡ್ಡ ಪಾತ್ರೆಯ ತುಂಬ ತರಕಾರಿ ಸಾಂಬಾರು ಮಾಡಿಡುತ್ತೇನೆ. ಬುಧವಾರದ ಹೊತ್ತಿಗೆ ಅದರ ಮುಖ ನೋಡಲೂ ಬೇಸರವಾಗುತ್ತದೆ, ಗುರುವಾರ ಹುಳಿ ವಾಸನೆ ಬರುತ್ತದೆ, ಶುಕ್ರವಾರ ಅದನ್ನು ಚೆಲ್ಲಿ ಹೋಟೆಲ್ಲಿಗೆ ಹೋಗುತ್ತೇನೆ. ಒಂದು ದಿನ ಬೇಯಿಸಿ ವಾರವೆಲ್ಲ ಉಣ್ಣಲು ಸಾಧ್ಯವೇ?

ಉತ್ತರ: ಸಾಧ್ಯವಿದೆ. ಆದರೆ ಅಡುಗೆಯನ್ನು ಪೂರ್ತಿ ಮುಗಿಸಿ ಎತ್ತಿಡುವ ಬದಲು, ಮುಗಿಯಲು ಒಂದು ಹೆಜ್ಜೆ ಬಾಕಿ ಇರುವಾಗಲೇ ನಿಲ್ಲಿಸಿ ಎತ್ತಿಡಬೇಕು. ನಮ್ಮ ಊಟದಲ್ಲಿ ಸಮಯ ತಿನ್ನುವುದು ನೆನೆಸುವುದು, ಬೇಯಿಸುವುದು, ಹುರಿಯುವುದು. ರುಚಿ ಕೊಡುವುದು ಕೊನೆಯ ಐದು ನಿಮಿಷದ ಒಗ್ಗರಣೆ, ಕಾಯಿತುರಿ, ಕೊತ್ತಂಬರಿ ಸೊಪ್ಪು ಮತ್ತು ನಿಂಬೆರಸ. ಮೊದಲಿನದನ್ನು ಭಾನುವಾರವೇ ಮುಗಿಸಿ, ಎರಡನೆಯದನ್ನು ಆಯಾ ದಿನಕ್ಕೆ ಉಳಿಸಿಕೊಂಡರೆ, ರಾತ್ರಿ ಪಾಳಿ ಮುಗಿಸಿ ಬಂದವರೂ ಬಿಸಿಯಾದ, ನಿನ್ನೆಯದಲ್ಲದ ಊಟ ಮಾಡಬಹುದು.

ತೊಗರಿಬೇಳೆಯಿಂದಲೇ ಆರಂಭಿಸಿ. 250 ಗ್ರಾಂ ಬೇಳೆಯನ್ನು ಅರ್ಧ ಗಂಟೆ ನೆನೆಸಿ, ಮೂರರಷ್ಟು ನೀರು, ಚಿಟಿಕೆ ಅರಿಸಿನ ಮತ್ತು ನೊರೆ ಉಕ್ಕದಂತೆ ಒಂದು ಚಮಚ ಎಣ್ಣೆ ಹಾಕಿ ನಾಲ್ಕು ಕೂಗು ಕೂಗಿಸಿ. ಹುಣಸೆಹಣ್ಣನ್ನಾಗಲಿ ಟೊಮೆಟೊವನ್ನಾಗಲಿ ಈ ಹಂತದಲ್ಲಿ ಸೇರಿಸಬೇಡಿ, ಏಕೆಂದರೆ ಹುಳಿ ಬಿದ್ದ ಬೇಳೆ ಬೇಗ ಕರಗುವುದಿಲ್ಲ. ಬೆಂದ ಬೇಳೆಯನ್ನು ಅಗಲವಾದ ತಟ್ಟೆಗೆ ಸುರಿದು ಆರಿಸಿ, ಐದು ಚಿಕ್ಕ ಡಬ್ಬಿಗಳಿಗೆ ಹಂಚಿ, ಮೂರನ್ನು ಫ್ರಿಜ್ಜಿನ ಕೆಳಭಾಗದಲ್ಲಿಯೂ ಎರಡನ್ನು ಮೇಲಿನ ಹಿಮದ ಖಾನೆಯಲ್ಲಿಯೂ ಇಡಿ. ಒಂದು ಡಬ್ಬಿಯೆಂದರೆ 50 ಗ್ರಾಂ ಒಣಬೇಳೆ. ಅದರಲ್ಲಿ ಸುಮಾರು 11 ಗ್ರಾಂ ಪ್ರೋಟೀನ್ ಇರುತ್ತದೆ, ಒಬ್ಬರ ಒಂದು ಊಟಕ್ಕೆ ಅಷ್ಟು ಬೇಳೆ ಸಾಕು. ದರ ಏರಿದ ದಿನಗಳಲ್ಲಿ ಕೂಡ ಈ ಐದು ಡಬ್ಬಿಗಳ ಬೇಳೆಗೆ ಹೋಟೆಲ್ಲಿನ ಒಂದು ಸಾಧಾರಣ ಊಟದಷ್ಟು ಹಣವಾಗುವುದಿಲ್ಲ.

ಸೋಮವಾರ ಒಂದು ಡಬ್ಬಿಗೆ ಟೊಮೆಟೊ ಮತ್ತು ಸಾರಿನ ಪುಡಿ ಬಿದ್ದರೆ ಸಾರು. ಮಂಗಳವಾರ ಬೆಳ್ಳುಳ್ಳಿಯ ಒಗ್ಗರಣೆಯಲ್ಲಿ ಮೆಂತ್ಯ ಸೊಪ್ಪು ಬಾಡಿಸಿ ಅದೇ ಬೇಳೆಯನ್ನು ಗಟ್ಟಿಯಾಗಿ ಸೇರಿಸಿದರೆ ರೊಟ್ಟಿಗೆ ಒದಗುವ ಸೊಪ್ಪಿನ ಬೇಳೆ. ಬುಧವಾರ ಆಗತಾನೇ ಬೆಂದ ಅನ್ನ, ಕ್ಯಾರೆಟ್ಟು, ಹುರುಳಿಕಾಯಿ ಮತ್ತು ಅಂಗಡಿಯ ಪುಡಿ ಸೇರಿದರೆ ಬಿಸಿಬೇಳೆಭಾತಿನ ಬಡ ತಮ್ಮನೊಬ್ಬ ತಯಾರಾಗುತ್ತಾನೆ. ಮೈಸೂರಿನವರು ಒಪ್ಪಲಿಕ್ಕಿಲ್ಲ, ಹಸಿದವರು ಒಪ್ಪುತ್ತಾರೆ. ಗುರುವಾರ ಮತ್ತು ಶುಕ್ರವಾರಗಳಿಗೆ ಹಿಮಗಟ್ಟಿದ ಡಬ್ಬಿಗಳನ್ನು ಹಿಂದಿನ ರಾತ್ರಿಯೇ ಕೆಳಗಿನ ಅಂತಸ್ತಿಗೆ ಇಳಿಸಿಟ್ಟರೆ ಸಾಕು.

ನಿಮ್ಮ ಸಾಂಬಾರು ಕೆಟ್ಟದ್ದಕ್ಕೆ ಮೂರು ಕಾರಣಗಳು ನನಗೆ ಕಾಣುತ್ತವೆ. ದೊಡ್ಡ ಪಾತ್ರೆಯ ನಡುಭಾಗ ತಣ್ಣಗಾಗಲು ಗಂಟೆಗಟ್ಟಲೆ ಹಿಡಿಯುತ್ತದೆ, ಆ ಉಗುರುಬೆಚ್ಚಗಿನ ಹೊತ್ತೇ ಸೂಕ್ಷ್ಮಾಣುಗಳಿಗೆ ಸುಗ್ಗಿ. ಪ್ರತಿದಿನ ಇಡೀ ಪಾತ್ರೆಯನ್ನು ಹೊರತೆಗೆದು, ಸೌಟು ಅದ್ದಿ, ಮತ್ತೆ ಒಳಗಿಡುವುದು ಇನ್ನೊಂದು. ಮೂರನೆಯದು ತೆಂಗಿನಕಾಯಿ, ನೀವು ಅದನ್ನು ರುಬ್ಬಿ ಹಾಕುತ್ತಿದ್ದರೆ ಇದೇ ಮುಖ್ಯ ಅಪರಾಧಿ. ಕಾಯಿ ಬಿದ್ದ ಅಡುಗೆ ಬೇಗ ಹಳಸುತ್ತದೆಂಬುದು ನಮ್ಮ ಹಳೆಯ ಅಡುಗೆಯವರಿಗೆಲ್ಲ ತಿಳಿದಿದ್ದ ಸಂಗತಿ. ಆದ್ದರಿಂದ ತುರಿಯನ್ನು ಹಿಮದ ಖಾನೆಯಲ್ಲಿ ಪುಟ್ಟ ಡಬ್ಬಿಯಲ್ಲಿಟ್ಟು, ಉಣ್ಣುವ ದಿನ ಮಾತ್ರ ಸೇರಿಸಿ.

ಎರಡನೆಯ ಸಲಹೆ ಹುರುಳಿಕಾಳಿನದು. 250 ಗ್ರಾಂ ಕಾಳನ್ನು ರಾತ್ರಿಯಿಡೀ ನೆನೆಸಿ, ಧಾರಾಳ ನೀರಿನಲ್ಲಿ ಮೆತ್ತಗೆ ಬೇಯಿಸಿ ಬಸಿದರೆ ಒಂದೇ ಬೇಯುವಿಕೆಯಲ್ಲಿ ಎರಡು ಪದಾರ್ಥಗಳು ಸಿಗುತ್ತವೆ: ಬಸಿದ ಕಟ್ಟಿನಿಂದ ಸಾರು, ಉಳಿದ ಕಾಳಿನಿಂದ ಪಲ್ಯ. ಹಳೆಯ ಮೈಸೂರಿನ ಕಡೆಯ ಬಸ್ಸಾರು ಇದೇ ಉಪಾಯದ ಮೇಲೆ ನಿಂತಿದೆ. ಒಂದೇ ಒಲೆಯಿರುವವರಿಗೆ ಇದಕ್ಕಿಂತ ಅನುಕೂಲವಾದ ಅಡುಗೆಯನ್ನು ನಾನು ಕಂಡಿಲ್ಲ.

ಇನ್ನು ತಿಂಗಳ ಆಸ್ತಿಯೆಂದರೆ ಪುಳಿಯೋಗರೆ ಗೊಜ್ಜು. 100 ಗ್ರಾಂ ಹುಣಸೆಹಣ್ಣನ್ನು ಎರಡು ಲೋಟ ಬಿಸಿನೀರಿನಲ್ಲಿ ನೆನೆಸಿ ಗಟ್ಟಿಯಾಗಿ ಕಿವುಚಿ ಸೋಸಿಕೊಳ್ಳಿ. ಬಾಣಲೆಯಲ್ಲಿ ಅರ್ಧ ಲೋಟ ಎಳ್ಳೆಣ್ಣೆ ಅಥವಾ ಶೇಂಗಾ ಎಣ್ಣೆ ಕಾಯಿಸಿ ಸಾಸಿವೆ, ಕಡಲೆಬೇಳೆ, ಒಣಮೆಣಸಿನಕಾಯಿ, ಇಂಗು, ಕರಿಬೇವು ಸಿಡಿಸಿ, ಹುಣಸೆ ರಸ, ಉಪ್ಪು, ನಿಂಬೆ ಗಾತ್ರದ ಎರಡು ತುಂಡು ಬೆಲ್ಲ ಮತ್ತು ನಾಲ್ಕು ಚಮಚ ಸಾರಿನ ಪುಡಿ ಹಾಕಿ, ಎಣ್ಣೆ ಅಂಚಿನಲ್ಲಿ ಬಿಟ್ಟುಕೊಳ್ಳುವವರೆಗೆ ಸಣ್ಣ ಉರಿಯಲ್ಲಿ ಕುದಿಸಿ. ಹುಳಿ, ಉಪ್ಪು ಮತ್ತು ಎಣ್ಣೆ ಮೂರೂ ಸೇರಿ ಅದನ್ನು ಕಾಯುವುದರಿಂದ ಫ್ರಿಜ್ಜಿನಲ್ಲಿ ಒಂದು ತಿಂಗಳು ನಿಶ್ಚಿಂತೆಯಾಗಿರುತ್ತದೆ, ಆದರೆ ಒದ್ದೆ ಚಮಚ ತಾಗಬಾರದು. ಶೇಂಗಾ ಬೀಜವನ್ನು ಗೊಜ್ಜಿನೊಳಗೆ ಹಾಕಿಟ್ಟರೆ ಮೆತ್ತಗಾಗುತ್ತದೆ, ಅದನ್ನು ಆಯಾ ದಿನವೇ ಹುರಿದುಕೊಳ್ಳಿ. ಇದೇ ಗೊಜ್ಜನ್ನು ತರಿಯಾಗಿ ಪುಡಿಮಾಡಿದ ಅವಲಕ್ಕಿಗೆ ಕಲಸಿದರೆ ಬೆಳಗಿನ ತಿಂಡಿಯೂ ಆಯಿತು.

ಊರಿಗೆ ಹೋದಾಗ ಖಡಕ್ ಜೋಳದ ರೊಟ್ಟಿ, ಶೇಂಗಾ ಮತ್ತು ಗುರೆಳ್ಳು ಚಟ್ನಿಪುಡಿ ತರುವುದನ್ನು ಮರೆಯಬೇಡಿ ಎಂದು ಹಾವೇರಿಯವರಿಗೆ ನಾನು ಹೇಳಬೇಕಿಲ್ಲ. ತರಕಾರಿಯ ವಿಷಯದಲ್ಲಿ ಒಂದೇ ಮಾತು: ವಾರದ ಆರಂಭಕ್ಕೆ ಸೊಪ್ಪು, ನಡುವೆ ಹುರುಳಿಕಾಯಿ ಮತ್ತು ಬದನೆ, ಕೊನೆಗೆ ಎಲೆಕೋಸು ಮತ್ತು ಕ್ಯಾರೆಟ್ಟು ಎಂಬ ಸರದಿಯಲ್ಲಿ ಬಳಸಿ, ತಳ್ಳುಗಾಡಿಯಲ್ಲಿ ಅಗ್ಗವಾಯಿತೆಂದು ಎರಡು ಕಿಲೋ ಟೊಮೆಟೊ ಕೊಳ್ಳಬೇಡಿ. ಒಬ್ಬರೇ ಇರುವವರ ಹಣ ಹೆಚ್ಚಾಗಿ ಸೋರುವುದು ಕೊಳೆತು ಹೋಗುವ ತರಕಾರಿಯಲ್ಲಿಯೇ.

ಪ್ರಶ್ನೆ: ಶಿವಮೊಗ್ಗದಲ್ಲಿರುವ ನಿವೃತ್ತ ಶಿಕ್ಷಕ ನಾನು. ಪತ್ನಿ ತೀರಿಕೊಂಡ ಮೇಲೆ ಅಡುಗೆ ಕಲಿಯುತ್ತಿದ್ದೇನೆ. ಬೆಳಿಗ್ಗೆ ಮಾಡಿದ ಅನ್ನವನ್ನು ಮರುದಿನ ಉಣ್ಣಬಾರದೆಂದು ಮಗಳು ಫೋನಿನಲ್ಲಿ ಗದರಿಸುತ್ತಾಳೆ. ನನ್ನ ತಾಯಿಯವರು ಜೀವನವಿಡೀ ತಂಗಳನ್ನ ಉಂಡು ಗಟ್ಟಿಯಾಗಿದ್ದರು. ಇಬ್ಬರಲ್ಲಿ ಯಾರ ಮಾತು ಸರಿ?

ಉತ್ತರ: ಹಿರಿಯರೇ, ತಮ್ಮ ಮಗಳ ಮಾತಿನಲ್ಲಿ ಹುರುಳಿದೆ, ತಮ್ಮ ತಾಯಿಯವರೂ ತಪ್ಪು ಮಾಡಿದವರಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಾಣುಗಳು ಇರಬಹುದಾಗಿದ್ದು, ಅವು ಕುದಿಯುವ ನೀರಿನಲ್ಲಿಯೂ ಸಾಯದೆ ಉಳಿದು, ಅನ್ನ ಬೆಚ್ಚಗೆ ಹೊರಗಿರುವಾಗ ಮೊಳೆತು ವಾಂತಿ ತರಿಸುವ ವಿಷವನ್ನು ಉಂಟುಮಾಡುತ್ತವೆ. ಒಮ್ಮೆ ಆ ವಿಷ ಸೇರಿದ ಅನ್ನವನ್ನು ಎಷ್ಟು ಬಿಸಿಮಾಡಿದರೂ ಅದು ನಾಶವಾಗುವುದಿಲ್ಲ. ಹಿಂದಿನವರು ರಾತ್ರಿ ಉಳಿದ ಅನ್ನಕ್ಕೆ ನೀರು ಹಾಕಿಡುತ್ತಿದ್ದರು, ಅದು ಬೆಳಗಾಗುವುದರೊಳಗೆ ಹುಳಿಯಾಗುತ್ತಿತ್ತು, ಆ ಹುಳಿ ಇಂಥ ಸೂಕ್ಷ್ಮಾಣುಗಳನ್ನು ತಕ್ಕಮಟ್ಟಿಗೆ ತಡೆಯುತ್ತಿತ್ತು, ಮಜ್ಜಿಗೆ ಉಪ್ಪು ಬೆರೆಸಿ ಬೆಳಿಗ್ಗೆಯೇ ಉಂಡು ಮುಗಿಸುತ್ತಿದ್ದರು. ನೀರಿಲ್ಲದೆ ಕುಕ್ಕರಿನೊಳಗೆ ಮುಚ್ಚಿಟ್ಟು ಮರುದಿನ ಮಧ್ಯಾಹ್ನ ತೆರೆಯುವ ಅನ್ನ ಬೇರೆಯೇ ಆಗಿದೆ.

ಉಳಿದ ಅನ್ನವನ್ನು ಇಡಲೇಬೇಕಾದರೆ ತಟ್ಟೆಯಲ್ಲಿ ಹರಡಿ ಆರಿಸಿ, ಮಾಡಿದ ಒಂದೆರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮರುದಿನವೇ ಹಬೆಯಾಡುವಂತೆ ಒಂದೇ ಸಲ ಬಿಸಿಮಾಡಿ ಮುಗಿಸಬಹುದು. ಆದರೆ ನನ್ನ ಅಭಿಪ್ರಾಯದಲ್ಲಿ ಅನ್ನವೊಂದನ್ನು ಮಾತ್ರ ಕೂಡಿಡದಿರುವುದೇ ಲೇಸು. ಒಬ್ಬರ ಒಂದು ಹೊತ್ತಿಗೆ 75 ಗ್ರಾಂ ಅಕ್ಕಿ ಸಾಕು. ಒಂದು ಚಿಕ್ಕ ಲೋಟವನ್ನು ಅಷ್ಟಕ್ಕೇ ಗುರುತು ಮಾಡಿಟ್ಟುಕೊಂಡರೆ ಅಳತೆ ತಪ್ಪುವುದಿಲ್ಲ, ಉಳಿಯುವ ಪ್ರಶ್ನೆಯೂ ಬರುವುದಿಲ್ಲ. ಸಾರು ಪಲ್ಯಗಳ ಕೆಲಸವನ್ನು ಮೇಲಿನ ಉತ್ತರದಲ್ಲಿ ಹೇಳಿದಂತೆ ವಾರಕ್ಕೊಮ್ಮೆ ಮುಗಿಸಿಕೊಂಡರೆ, ಪ್ರತಿದಿನ ಇಷ್ಟು ಅಕ್ಕಿ ಬೇಯಿಸುವುದು ಹೊರೆಯಾಗದು.

ಪ್ರಶ್ನೆ: ಧಾರವಾಡದಲ್ಲಿ ಓದುತ್ತಿದ್ದೇನೆ. ಕೋಣೆಯಲ್ಲಿ ಫ್ರಿಜ್ ಇಲ್ಲ, ನೀರು ಕಾಯಿಸುವ ವಿದ್ಯುತ್ ಕೆಟಲ್ ಒಂದೇ ಇದೆ. ನನಗೂ ಏನಾದರೂ ದಾರಿ ಇದೆಯೇ?

ಉತ್ತರ: ಇದೆ, ಆದರೆ ಒಣ ದಾರಿ. ರಜೆಯಲ್ಲಿ ಮನೆಗೆ ಹೋದಾಗ ರವೆಯನ್ನು ಒಗ್ಗರಣೆಯಲ್ಲಿ ಉಪ್ಪು, ಕರಿಬೇವು, ಒಣಮೆಣಸಿನಕಾಯಿಯೊಡನೆ ಕೆಂಪಗೆ ಹುರಿದು, ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿಕೊಂಡು ಬನ್ನಿ. ತಟ್ಟೆಯಲ್ಲಿ ಅರ್ಧ ಲೋಟ ರವೆಗೆ ಒಂದು ಲೋಟ ಕುದಿನೀರು ಸುರಿದು ಹತ್ತು ನಿಮಿಷ ಮುಚ್ಚಿಟ್ಟರೆ ಉಪ್ಪಿಟ್ಟಾಗುತ್ತದೆ. ಕರಿಬೇವು ಗರಿಗರಿಯಾಗಿ ಹುರಿದಿರಬೇಕು, ಹಸಿಯುಳಿದರೆ ಬೂಷ್ಟು ಹಿಡಿಯುತ್ತದೆ. ತೆಳು ಅವಲಕ್ಕಿಗೆ ಚಟ್ನಿಪುಡಿ ಮತ್ತು ಎಣ್ಣೆ ಕಲಸಿ ಮೇಲೆ ಹಸಿ ಈರುಳ್ಳಿ ಹೆಚ್ಚಿ ಹಾಕಿಕೊಳ್ಳುವುದಕ್ಕೆ ಕೆಟಲ್ ಕೂಡ ಬೇಡ. ಅಗಸೆ ಚಟ್ನಿಪುಡಿಯನ್ನು ಮಾತ್ರ ಸ್ವಲ್ಪ ಸ್ವಲ್ಪವೇ ತನ್ನಿ, ಏಕೆಂದರೆ ಅದರ ಎಣ್ಣೆ ಬೇಗ ಕಮಟು ವಾಸನೆಗೆ ತಿರುಗುತ್ತದೆ.