ಕಾರ್ ರೇಸಿಂಗ್: ಯಾವುದು ಜಾಣತನ, ಯಾವುದು ಮೋಸ?

ಪ್ರಶ್ನೆ: ಸರ್, ನನ್ನ ಗೆಳೆಯ ಆಟೋಕ್ರಾಸ್‌ನಲ್ಲಿ (ಮೈದಾನದಲ್ಲಿ ಒಬ್ಬೊಬ್ಬರಾಗಿ ಓಡಿಸುವ ಕಾರ್ ಸ್ಪರ್ಧೆ) ಸ್ಟಾಕ್ ಕ್ಲಾಸ್ ಗೆದ್ದ. ಆಮೇಲೆ ಯಾರೋ ದೂರು ಕೊಟ್ಟು, ಎಂಜಿನ್ ಬಿಚ್ಚಿಸಿ, ಸಿಲಿಂಡರ್ ಹೆಡ್ ಕೆತ್ತಿಸಿದ್ದಾನೆ ಅಂತ ಅವನನ್ನು ಅನರ್ಹಗೊಳಿಸಿದರು. ‘ಫಾರ್ಮುಲಾ ಒನ್‌ನವರು ಮಾಡಿದರೆ ಎಂಜಿನಿಯರಿಂಗ್, ಹಾಸನದವನು ಮಾಡಿದರೆ ಮೋಸವಾ?’ ಅಂತ ಕೇಳ್ತಾನೆ. ನ್ಯಾಯ ಯಾರ ಕಡೆ ಇದೆ?
– ಓದುಗರು, ಹಾಸನ

ಉತ್ತರ: ದೂರು ಕೊಟ್ಟವರ ಕಡೆ. ಆದರೂ ನಿಮ್ಮ ಗೆಳೆಯ ಕೇಳಿದ್ದು ಒಳ್ಳೆಯ ಪ್ರಶ್ನೆ. ದೊಡ್ಡ ತಂಡಗಳ ಎಂಜಿನಿಯರ್‌ಗಳು ನಿಯಮದ ಪುಸ್ತಕ ಓದುವುದೇ ಅದರಲ್ಲಿ ಏನು ಬರೆದಿಲ್ಲ ಅಂತ ನೋಡಲು. 1978ರ ಸ್ವೀಡಿಷ್ ಗ್ರ್ಯಾನ್ ಪ್ರಿಗೆ ಬ್ರಾಬಮ್ ತಂಡ ಹಿಂಭಾಗದಲ್ಲಿ ದೊಡ್ಡ ಫ್ಯಾನ್ ಇರುವ ಕಾರು ತಂದಿತು. ಗಾಳಿಯ ಒತ್ತಡ ಬದಲಿಸುವ ಚಲಿಸುವ ಭಾಗ ಇರಬಾರದು ಎಂಬ ನಿಯಮ ಆಗಲೇ ಇತ್ತು. ಇದು ಮುಖ್ಯವಾಗಿ ರೇಡಿಯೇಟರ್ ತಂಪು ಮಾಡಲು ಅಂದರು ಅವರು. ತಂಪೂ ಮಾಡುತ್ತಿತ್ತು, ಸುಳ್ಳಲ್ಲ. ಜೊತೆಗೆ ಕಾರಿನಡಿಯ ಗಾಳಿ ಎಳೆದು ಕಾರನ್ನು ನೆಲಕ್ಕೆ ಅಂಟಿಸುತ್ತಿತ್ತು. ನಿಕಿ ಲೌಡಾ ಅರ್ಧ ನಿಮಿಷಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಆ ಗೆಲುವು ಇವತ್ತಿಗೂ ದಾಖಲೆಯಲ್ಲಿದೆ, ಕಾರು ಮಾತ್ರ ಮತ್ತೆ ಯಾವ ಗ್ರ್ಯಾನ್ ಪ್ರಿಯಲ್ಲೂ ಓಡಲಿಲ್ಲ. 2009ರಲ್ಲಿ ಬ್ರಾನ್ ತಂಡದ ಡಬಲ್ ಡಿಫ್ಯೂಸರ್ (ಕಾರಿನ ಹಿಂಭಾಗದಡಿ ಗಾಳಿ ಹೊರಬಿಟ್ಟು ಹಿಡಿತ ಹೆಚ್ಚಿಸುವ ಭಾಗ) ಬಗ್ಗೆಯೂ ಎದುರಾಳಿಗಳು ದೂರಿದರು. ಮೇಲ್ಮನವಿ ನ್ಯಾಯಾಲಯ ಸರಿ ಅಂದಿತು, ಜೆನ್ಸನ್ ಬಟನ್ ಚಾಂಪಿಯನ್ ಆದರು.

ಇವೆರಡೂ ಎಲ್ಲರ ಕಣ್ಣೆದುರೇ ಇದ್ದವು, ಬೇಕಾದವರು ತಕರಾರು ಎತ್ತಬಹುದಿತ್ತು. ಇನ್ನೊಂದು ಜಾತಿಯದ್ದು 1995ರ ವಿಶ್ವ ರ್‍ಯಾಲಿಯಲ್ಲಿ ಟೊಯೊಟಾ ತಂಡ ಮಾಡಿದ್ದು. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊಗೆ ಹೋಗುವ ಗಾಳಿಯೆಲ್ಲ 34 ಮಿ.ಮೀ. ಅಗಲದ ರಿಸ್ಟ್ರಿಕ್ಟರ್ (ಗಾಳಿಗೆ ಮಿತಿ ಹಾಕುವ ಕಿರಿದಾದ ಬಾಯಿ) ಮೂಲಕವೇ ಹೋಗಬೇಕು ಎಂಬುದು ನಿಯಮ. ಅಳೆದರೆ ರಿಸ್ಟ್ರಿಕ್ಟರ್ ಸರಿಯಾಗಿಯೇ ಇತ್ತು. ಆದರೆ ಹೋಸ್ ಹಾಕಿ ಕ್ಲಿಪ್ ಬಿಗಿಯುವಾಗ ಅದು ಸುಮಾರು 5 ಮಿ.ಮೀ. ಸರಿದು, ಬದಿಯಿಂದ ಗಾಳಿ ನುಗ್ಗಲು ಸಂದಿ ಆಗುತ್ತಿತ್ತು. ತಪಾಸಣೆಗೆಂದು ಹೋಸ್ ಬಿಚ್ಚಿದ ಕೂಡಲೇ ಒಳಗಿನ ಸ್ಪ್ರಿಂಗ್ ವಾಷರ್‌ಗಳು ಅದನ್ನು ಸ್ವಸ್ಥಾನಕ್ಕೆ ತಳ್ಳಿಬಿಡುತ್ತಿದ್ದವು, ಸಂದಿ ಮಾಯ! ಕೆಲಸಗಾರಿಕೆಗೆ ತಲೆಬಾಗಲೇಬೇಕು; ಹಿಡಿದವರೇ ಮೆಚ್ಚಿಕೊಂಡರು. ಮೆಚ್ಚಿ, ಅಂಕಗಳನ್ನೆಲ್ಲ ಕಿತ್ತುಕೊಂಡು, ಹನ್ನೆರಡು ತಿಂಗಳು ಹೊರಗಿಟ್ಟರು.

ನಾನು ಗೆರೆ ಎಳೆಯುವುದು ಇಲ್ಲೇ: ತಪಾಸಣೆಯವರ ಮುಂದೆ ಬಾನೆಟ್ ಎತ್ತಿ ‘ಹೀಗೆ ಮಾಡಿದ್ದೇನೆ, ನೋಡಿ’ ಅನ್ನಲು ಧೈರ್ಯ ಇದೆಯೋ ಇಲ್ಲವೋ. ನಿಮ್ಮ ಗೆಳೆಯ ಇನ್ನೊಂದನ್ನೂ ಮರೆತಿದ್ದಾನೆ. ಫಾರ್ಮುಲಾ ಒನ್ ತಂಡ ತನ್ನ ಕಾರನ್ನು ತಾನೇ ವಿನ್ಯಾಸ ಮಾಡಬೇಕು, ಅಲ್ಲಿ ಬುದ್ಧಿ ಓಡಿಸಲು ಜಾಗ ಇದೆ. ಸ್ಟಾಕ್ ಕ್ಲಾಸ್‌ನ ನಿಯಮ ಇರುವುದೇ ‘ಕಂಪನಿ ಕೊಟ್ಟದ್ದನ್ನು ಮುಟ್ಟಬೇಡ’ ಅಂತ. ಹೆಡ್ ಕೆತ್ತಿ ಕಂಪ್ರೆಷನ್ (ಸಿಲಿಂಡರ್‌ನೊಳಗಿನ ಒತ್ತಡ) ಏರಿಸಿದ ಮೇಲೆ ಅದು ಕಂಪನಿಯ ಎಂಜಿನ್ ಅಲ್ಲ. ಅಷ್ಟು ಆಸೆ ಇದ್ದರೆ ಮಾಡಿಫೈಡ್ ಕ್ಲಾಸ್‌ಗೆ ಎಂಟ್ರಿ ಕೊಡಬಹುದಿತ್ತು. ಅಲ್ಲಿ ಗೆಲ್ಲುವುದು ಕಷ್ಟ ಅನ್ನಿ.

ಪ್ರಶ್ನೆ: ಚಿಕ್ಕಮಗಳೂರು ಕಡೆ ರ್‍ಯಾಲಿ ನೋಡಲು ಹೋಗಿದ್ದಾಗ, ಸ್ಟೇಜ್‌ನಲ್ಲಿ ಧೂಳೆಬ್ಬಿಸಿ ಹೋದ ಕಾರುಗಳು ಮುಂದೆ ರಸ್ತೆ ಬದಿ ಸುಮ್ಮನೆ ನಿಂತಿದ್ದವು. ಇದೆಂಥ ರೇಸು?
– ಓದುಗರು, ಮೂಡಿಗೆರೆ

ಉತ್ತರ: ಸ್ಟೇಜ್ ಅಂದರೆ ಸಮಯ ಅಳೆಯಲು ಮುಚ್ಚಿದ ರಸ್ತೆಯ ತುಂಡು, ವೇಗವೆಲ್ಲ ಅಲ್ಲಿ. ಒಂದು ಸ್ಟೇಜ್‌ನಿಂದ ಇನ್ನೊಂದಕ್ಕೆ ಹೋಗುವ ದಾರಿ ಸಾರ್ವಜನಿಕ ರಸ್ತೆ. ಅಲ್ಲಿ ಬಸ್ಸು, ದನ, ಶಾಲೆ ಮಕ್ಕಳು ಎಲ್ಲ ಇರುತ್ತಾರೆ. ಹಾಗಾಗಿ ಟೈಮ್ ಕಂಟ್ರೋಲ್‌ಗೆ (ಬಂದ ಸಮಯ ಬರೆದುಕೊಳ್ಳುವ ಠಾಣೆ) ಇಂಥ ನಿಮಿಷಕ್ಕೇ ಬರಬೇಕು ಅಂತ ಲೆಕ್ಕ ಕೊಟ್ಟಿರುತ್ತಾರೆ. ವಿಶ್ವ ರ್‍ಯಾಲಿಯ ಲೆಕ್ಕದಲ್ಲಿ ಒಂದು ನಿಮಿಷ ತಡವಾದರೆ 10 ಸೆಕೆಂಡ್ ದಂಡ. ಒಂದು ನಿಮಿಷ ಬೇಗ ಬಂದರೆ ಪೂರಾ ಒಂದು ನಿಮಿಷ ದಂಡ. ನೀವು ನೋಡಿದವರು ಆ ಠಾಣೆಯ ಹಳದಿ ಬೋರ್ಡಿನ ಈಚೆ ನಿಂತು ಗಡಿಯಾರ ನೋಡುತ್ತಿದ್ದವರು. ಟೈಮ್ ಕಾರ್ಡ್ ಹಿಡಿದು ಕೂತ ನ್ಯಾವಿಗೇಟರ್ ‘ಹೂಂ’ ಅನ್ನುವವರೆಗೆ ಚಾಲಕ ಗೇರ್ ಹಾಕುವುದಿಲ್ಲ.

ಇದರಲ್ಲೂ ಆಟ ಕಟ್ಟುವವರಿದ್ದಾರೆ. ಮಣ್ಣಿನ ರಸ್ತೆಯಲ್ಲಿ ಮೊದಲು ಹೋಗುವವನು ಸಡಿಲ ಜಲ್ಲಿ ಗುಡಿಸಿಕೊಡುತ್ತಾನೆ, ಹಿಂದಿನವನಿಗೆ ಹಿಡಿತ ಸಿಗುತ್ತದೆ. ಮರುದಿನ ಹಿಂದಿನಿಂದ ಹೊರಡಲಿ ಅಂತ ವಿಶ್ವ ಮಟ್ಟದ ಚಾಲಕರೇ ಹಿಂದಿನ ದಿನದ ಕೊನೆಗೆ ಬೇಕೆಂತಲೇ ನಿಧಾನ ಮಾಡಿದ್ದುಂಟು. ನಿಯಮ ಮುರಿದಂತಲ್ಲ. ನೋಡುವವರಿಗೆ ಮಾತ್ರ ರಸಭಂಗ.

ಪ್ರಶ್ನೆ: ರ್‍ಯಾಲಿಯ ಸ್ಟೇಜ್ ನಮ್ಮ ಕಾಫಿ ತೋಟದೊಳಗೆ ಹಾದು ಹೋಗುತ್ತದೆ. ನನ್ನ ಭಾವಮೈದ ಸ್ಪರ್ಧಿ. ನಮ್ಮದೇ ರಸ್ತೆಯಲ್ಲಿ ಅವನು ಮೊದಲೇ ನಾಲ್ಕು ಸುತ್ತು ಹೊಡೆದರೆ ತಪ್ಪೇನು?
– ತೋಟದ ಮಾಲೀಕರು, ಆಲ್ದೂರು

ಉತ್ತರ: ತೋಟ ನಿಮ್ಮದೇ, ಆದರೆ ಮಾರ್ಗ ಪ್ರಕಟವಾದ ಮೇಲೆ ಸ್ಪರ್ಧಿಯ ಮಟ್ಟಿಗೆ ಅದು ಸ್ಟೇಜ್. ರೆಕ್ಕಿಗೆ (ಮಾರ್ಗವನ್ನು ಮೊದಲೇ ನೋಡಿಕೊಳ್ಳಲು) ಆಯೋಜಕರು ಗೊತ್ತುಮಾಡಿದ ದಿನ, ವೇಗದ ಮಿತಿ, ಸಾಮಾನ್ಯವಾಗಿ ಎರಡೇ ಸುತ್ತು. ಅಷ್ಟರಲ್ಲೇ ಪೇಸ್ ನೋಟ್ಸ್ (ತಿರುವು, ಗುಂಡಿಗಳ ಟಿಪ್ಪಣಿ) ಬರೆದುಕೊಳ್ಳಬೇಕು. ಯಾವ ಸಿಲ್ವರ್ ಓಕ್ ಪಕ್ಕ ಚರಂಡಿ ಇದೆ, ಯಾವ ತಿರುವಿನಲ್ಲಿ ಮಣ್ಣು ಜಾರುತ್ತದೆ ಅಂತ ಒಬ್ಬನಿಗೆ ಮಾತ್ರ ಬಾಯಿಪಾಠ ಆದರೆ, ದೂರದ ಊರಿನಿಂದ ಬಂದವನ ಗತಿ? ಕದ್ದು ರೆಕ್ಕಿ ಮಾಡಿದ್ದು ಗೊತ್ತಾದರೆ ಸ್ಟೂವರ್ಡ್‌ಗಳು (ಸ್ಪರ್ಧೆಯ ತೀರ್ಪುಗಾರರು) ಅನರ್ಹಗೊಳಿಸಲೂಬಹುದು. ಗುಟ್ಟಾಗಿ ಉಳಿಯುತ್ತದೆ ಅಂತಲೂ ನಂಬಬೇಡಿ: ಗೇಟಿನ ಹುಡುಗ ನೋಡಿದರೆ ತೋಟದ ಲೆಕ್ಕ ನೋಡುವ ರೈಟರ್‌ಗೆ ಗೊತ್ತಾಗುತ್ತದೆ, ರೈಟರ್‌ಗೆ ಗೊತ್ತಾದರೆ ಸಂಜೆಯೊಳಗೆ ಪಕ್ಕದ ತೋಟಕ್ಕೆ. ಭಾವಮೈದನನ್ನು ಊಟಕ್ಕೆ ಕರೆಯುವುದಿದ್ದರೆ ರ್‍ಯಾಲಿ ಮುಗಿದ ಮೇಲೆ ಕರೆಯಿರಿ.